ಕಾಂಗರೂಗೆ ಮಾಸು ಕಟ್ಟುವುದಿಲ್ಲ

ಧಾರಾಪುರಂ ಬಸ್ಸಿನ ಕಿಟಕಿಯಿಂದ, ಆಲದ ಕೊಂಬೆಗೆ ಕಟ್ಟಿದ ಗೋಣಿಗಂಟು ಕಂಡಿತು. ಯಾರದೋ ಹಸು ಕರು ಹಾಕಿದೆ.

ನಮ್ಮ ಹಸು ಕರು ಹಾಕಿದಾಗಲೂ ಅಮ್ಮ, ಹಾಲು ಹೆಚ್ಚಲಿ ಎಂದು, ಕರುವಿನ ಹಿಂದೆ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿಗೆ ತುಂಬಿ ಹೀಗೇ ಕಟ್ಟುತ್ತಿದ್ದಳು. ಅಷ್ಟರಲ್ಲಿ ಕರು ಎದ್ದು ನಿಂತಿರುತ್ತಿತ್ತು.

ಒಮ್ಮೆ ನಾನು ಶಾಲೆಯ ಪಾಠ ಒಪ್ಪಿಸಿದೆ: "ಕಾಂಗರೂಗೆ ಇಷ್ಟು ದೊಡ್ಡ ಮಾಸು ಇರಲ್ಲಮ್ಮಾ. ಮರಿ ಕಡಲೆಬೀಜದಷ್ಟು ಇರುವಾಗಲೇ ಹುಟ್ಟಿ, ಅಮ್ಮನ ಹೊಟ್ಟೆಚೀಲಕ್ಕೆ ತೆವಳಿ, ಅಲ್ಲೇ ಹಾಲು ಕುಡಿದು ಬೆಳೆಯುತ್ತಂತೆ."

ತಮ್ಮನನ್ನು ಸೊಂಟದಲ್ಲಿಟ್ಟುಕೊಂಡೇ ಗಂಟು ಬಿಗಿಯುತ್ತಿದ್ದ ಅಮ್ಮ ನಿಟ್ಟುಸಿರಿಟ್ಟಳು. "ಅಯ್ಯೋ, ಪಾವಂ! ಹೆತ್ತ ಮೇಲೂ ಹೊರಬೇಕಾ? ನಮ್ಮ ಹಸುನೇ ವಾಸಿ."

ಇವತ್ತು ಕೆಲಸ ಮುಗಿಸಿ, ನಿದ್ದೆಹೋದ ಮಗಳನ್ನು ಎದೆಗಾನಿಸಿಕೊಂಡು ಬಸ್ಸಿಳಿದೆ. ಸೊಂಟ ಸಿಡಿಯುತ್ತಿತ್ತು.

ಅವತ್ತು ಕಾಂಗರೂ ಬಗ್ಗೆ ಅಷ್ಟೆಲ್ಲ ಹೇಳಿದ ನನಗೆ, "ತಮ್ಮನ್ನ ಇತ್ತ ಕೊಡಮ್ಮಾ" ಎನ್ನಲು ಹೊಳೆಯಲೇ ಇಲ್ಲ.