ಗಾಜಿನಾಚೆಯ ಐದು ಬೆರಳು

ಓಸ್ಮುಂಡನದು ಸಮುದ್ರದ ಮೇಲಿನ ಕೆಲಸ. ಆದರೆ ಹತ್ತು ವರ್ಷದಲ್ಲಿ ಅವನ ಕಾಲು ಒಮ್ಮೆಯೂ ಉಪ್ಪುನೀರಲ್ಲಿ ನೆನೆದದ್ದಿಲ್ಲ. ಎಣ್ಣೆಬಾವಿಗಳ ನಡುವೆ ಲಂಗರು ಹಾಕಿದ ಹಡಗಿನಲ್ಲಿ, ಡೈವರುಗಳು ವಾರಗಟ್ಟಲೆ ವಾಸಿಸುವ ಉಕ್ಕಿನ ಕೋಣೆಯ ಹೊರಗೆ ಕುಳಿತು ಒತ್ತಡಮಾಪಕದ ಮುಳ್ಳು ನೋಡುವುದು ಅವನ ಕಸುಬು. ಒಳಗಿನವರ ಉಸಿರು, ಊಟ, ಕಡೆಗೆ ಕಕ್ಕಸಿನ ನೀರೂ ಅವನ ಕೈಯಲ್ಲೇ. "ಒಂದು ಪಾತ್ರೆ ಹಾಲು ಉಕ್ಕದ ಹಾಗೆ ನೋಡ್ಕೊಳ್ಳೋಕೆ ಬರಲ್ಲ ಇವ್ರಿಗೆ, ಅಲ್ಲಿ ಆರು ಗಂಡಸರ ಉಸಿರು ಕಾಯ್ತಾರಂತೆ!" ಎಂದು ಹೆಂಡತಿ ಊರೆಲ್ಲ ಆಡಿಕೊಳ್ಳುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ. ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಅದೇ ಅವನಿಗೆ ಮುಳುವಾಯಿತು.

ಒಳಗಿದ್ದ ಆರು ಜನರಲ್ಲಿ ಹಾಲ್ವರ್ ಅವನಿಗೆ ತೀರ ಬೇಕಾದವನು. ಇಬ್ಬರೂ ಕಾರ್ಮೊಯ್ ದ್ವೀಪದವರು, ಒಂದೇ ಬಗೆಯ ರಾಗದ ಮಾತು. ೧೯೭೯ರ ಅಕ್ಟೋಬರಿನ ಒಂದು ಮಂಗಳವಾರ ಬೆಳಗ್ಗೆ ದಡದಿಂದ ಸುದ್ದಿ ಬಂತು. ಹಾಲ್ವರನ ತಾಯಿ ತೋಮೀನೆಯನ್ನು ಡಾಕ್ಟರು ಕೈಬಿಟ್ಟಿದ್ದರು, ಹೆಚ್ಚೆಂದರೆ ಎರಡು ದಿನ.

"ಬಾಗ್ಲು ತೆಗಿಯೋ, ಓಸ್ಮುಂಡ್."

ಹೆಲಿಕಾಪ್ಟರಿನಲ್ಲಿ ಒಂದೂವರೆ ಗಂಟೆಯ ದಾರಿ. ಆದರೆ ಆ ಕೋಣೆಯಲ್ಲಿದ್ದದ್ದು ಡೈವರುಗಳು ಇಳಿದು ಕೆಲಸ ಮಾಡುವ ನೂರಿಪ್ಪತ್ತು ಮೀಟರ್ ಆಳದ ನೀರಿನಷ್ಟೇ ಒತ್ತಡ. ಆ ಒತ್ತಡಕ್ಕೆ, ಉಸಿರಾಡುವ ಗಾಳಿಗೆ ಬೆರೆಸಿದ್ದ ಹೀಲಿಯಂ ಹಾಲ್ವರನ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂತಿತ್ತು. ಒಮ್ಮೆಲೇ ಬಾಗಿಲು ತೆಗೆದರೆ, ಸೋಡಾ ಬಾಟಲಿ ತೆರೆದಂತೆ, ರಕ್ತವೇ ನೊರೆಯೇಳುತ್ತದೆ. ಒತ್ತಡವನ್ನು ತಾಸಿಗೆ ಒಂದು ಮೀಟರಿನಂತೆ ಇಳಿಸಬೇಕು. ಅಂದರೆ ಐದು ದಿನ.

"ಸ್ವಲ್ಪ ಜೋರಾಗಿ ಇಳ್ಸು. ಕೈಕಾಲು ನೋವಾದ್ರೆ ಆಗ್ಲಿ."

"ನೋವಲ್ಲ ಕಣೋ, ಹೆಣ ಆಗ್ತೀಯ. ತಾಯಿ ಮಗ ಇಬ್ರನ್ನೂ ಒಟ್ಟಿಗೆ ಹೂಳ್ಬೇಕಾ ನಾವು?"

ಹಾಲ್ವರ್ ಮತ್ತೆ ಕೇಳಲಿಲ್ಲ. ಅಮ್ಮನ ಜೊತೆ ಮಾತಾಡಿಸು, ಅಷ್ಟು ಸಾಕು ಎಂದ. ಓಸ್ಮುಂಡ್ ದಡಕ್ಕೆ ಫೋನು ಮಾಡಿ ಕೋಣೆಯೊಳಗಿನ ಸ್ಪೀಕರಿಗೆ ಸೇರಿಸಿದ. ಅಲ್ಲಿ ಪಕ್ಕದ ಮನೆಯ ವಾಲ್ಬೋರ್ಗ್ ಫೋನನ್ನು ತೋಮೀನೆಯ ಕಿವಿಗೆ ಹಿಡಿದಳು. ಹೀಲಿಯಂ ಉಸಿರಾಡುವವನ ಗಂಟಲಿನಿಂದ ಬರುವುದು ಬಾತುಕೋಳಿಯ ದನಿ. "ಅಮ್ಮಾ" ಎಂದು ಅದು ಕೀರಲಾಗಿ ಕೂಗಿತು.

"ಯಾರೋ ಮಕ್ಳು ಚೇಷ್ಟೆ ಮಾಡ್ತಿದಾರೆ, ಇಡು ವಾಲ್ಬೋರ್ಗ್," ಎಂದಳು ತಾಯಿ. ಫೋನು ಇಟ್ಟ ಸದ್ದು ಕೇಳಿಸಿತು.

ಎರಡನೆಯ ಸಲ ಓಸ್ಮುಂಡನೇ ಫೋನು ಹಿಡಿದ. ಬಾತುಕೋಳಿಯ ಭಾಷೆ ಅವನಿಗೆ ರೂಢಿಯಾಗಿತ್ತು, ಹಾಲ್ವರ್ ಅಂದದ್ದನ್ನು ದಾಟಿಸುವುದಷ್ಟೇ ಅವನ ಉದ್ದೇಶ. ಆದರೆ "ಅಮ್ಮಾ" ಎನ್ನುವಷ್ಟರಲ್ಲೇ ಅವಳು, "ಹಾಂ, ಈಗ ನಿನ್ ಧ್ವನಿ ಸರಿಯಾಗಿ ಕೇಳಿಸ್ತು ಮಗಾ!" ಎಂದುಬಿಟ್ಟಳು. ಓಸ್ಮುಂಡ್ ಕೋಣೆಯ ದುಂಡು ಗಾಜಿನತ್ತ ನೋಡಿದ. ಹಾಲ್ವರ್, ಮುಂದುವರಿಸು ಎಂದು ತಲೆಯಾಡಿಸಿದ.

"ಊಟ ಆಯ್ತಾ?"

"ಆಯ್ತಮ್ಮ. ಮೀನು, ಆಲೂಗಡ್ಡೆ."

"ಮುಳ್ಳು ನೋಡ್ಕೊಂಡು ತಿನ್ನು." ಉಸಿರೆಳೆದುಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. "ಯಾವಾಗ ಬರ್ತೀಯ?"

ಹಾಲ್ವರ್ ಅಂಗೈಯನ್ನು ಗಾಜಿಗೆ ಒತ್ತಿದ. ಐದು ಬೆರಳು. ಓಸ್ಮುಂಡನಿಗೆ ಅವು ಸ್ಪಷ್ಟವಾಗಿ ಕಂಡವು. ಆದರೆ ಆ ಉಬ್ಬಸದ ಎದುರು ಐದು ಎನ್ನಲು ಅವನ ನಾಲಿಗೆ ಹೊರಳಲಿಲ್ಲ.

"ನಾಳೆ ಬರ್ತೀನಮ್ಮ."

"ನಾಳೆನಾ? ಸರಿ ಹಾಗಾದ್ರೆ," ಎಂದಳು. ಎಷ್ಟು ಖುಷಿಯ ದನಿ!

ಹಾಲ್ವರ್ ಕೈಯನ್ನು ನಿಧಾನವಾಗಿ ಗಾಜಿನಿಂದ ತೆಗೆದ. ಬುಧವಾರ ಸಂಜೆ ಸಾವಿನ ಸುದ್ದಿ ಬಂತು. ಹೀಲಿಯಂನಲ್ಲಿ ಅಳು ಕೂಡ ನಗುವಿನಂತೆ ಕೇಳುತ್ತದೆ. ಜೊತೆಗಾರರು ಗೋಡೆಯ ಕಡೆ ತಿರುಗಿ ಮಲಗಿದರು. ಓಸ್ಮುಂಡ್ ತಾಸಿಗೆ ಒಂದು ಮೀಟರಿನಂತೆ ಇಳಿಸುತ್ತ ಕುಳಿತ, ಅವನಿಗೆ ಮಾಡಲು ಬೇರೇನೂ ಇರಲಿಲ್ಲ.

ಮುಂದಿನ ವಾರ ಮಣ್ಣು ಮಾಡಿದ ಮೇಲೆ ಚರ್ಚಿನ ಪಕ್ಕದ ಮನೆಯಲ್ಲಿ ಎಲ್ಲರೂ ಕಾಫಿಗೆ ಕೂತರು. ಓಸ್ಮುಂಡ್, ಹಾಲ್ವರ್ ಅಕ್ಕಪಕ್ಕ. ಬಡಿಸುತ್ತಿದ್ದ ವಾಲ್ಬೋರ್ಗ್ ಕಾಫಿಯ ಹೂಜಿ ಹಿಡಿದು ಅವರ ಮುಂದೆ ನಿಂತಳು.

"ಯಾಕಪ್ಪಾ ಹಾಲ್ವರ್, ನಾಳೆ ಅಂತ ಯಾಕೆ ಹೇಳ್ದೆ? ಬುಧವಾರ ಬೆಳಗಿಂದ ಮಲಗೋಕೇ ಒಪ್ಲಿಲ್ಲ. ತಲೆ ಬಾಚಿಸ್ಕೊಂಡು, ರಸ್ತೆ ಕಡೆ ಕುರ್ಚಿ ಹಾಕಿಸ್ಕೊಂಡು ಕೂತ್ಬಿಟ್ರು. ನೋವಿನ ಮದ್ದೂ ಮುಟ್ಲಿಲ್ಲ, ನಿದ್ದೆ ಬಂದ್ಬಿಡತ್ತೆ, ಮಗ ಬಂದಾಗ ಎಚ್ಚರ ಇರ್ಬೇಕು ಅಂತ. ಎಷ್ಟು ನರಳಿದ್ರು ಗೊತ್ತಾ? ಕೂತಲ್ಲೇ ಹೋದ್ರು."

ಓಸ್ಮುಂಡ್ ಬಾಯಿ ತೆರೆದ. ಅಷ್ಟರಲ್ಲಿ ಹಾಲ್ವರ್ ಅವನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದ.

"ಬರ್ತೀನಿ ಅಂದ್ಕೊಂಡಿದ್ದೆ ಅಕ್ಕ. ತಪ್ಪಾಯ್ತು."

ವಾಲ್ಬೋರ್ಗ್ ಓಸ್ಮುಂಡನ ಬಟ್ಟಲಿಗೆ ಕಾಫಿ ತುಂಬಿಸಿದಳು. ಹಾಲ್ವರನ ಖಾಲಿ ಬಟ್ಟಲನ್ನು ದಾಟಿ ಮುಂದಿನವರ ಹತ್ತಿರ ಹೋದಳು.