ನನ್ನ ನೋವಿಗೆ ಜೊತೆ ಬಂದ ಜೀಪಿನವರು

ಅವರ ಬಲಗೈ ಮಾತ್ರ ಕರ್ರಗಿತ್ತು. ವರ್ಷಗಟ್ಟಲೆ ಜೀಪಿನ ಕಿಟಕಿಯಾಚೆ ಬಿಸಿಲಿಗೆ ಚಾಚಿದ ಕೈ ಅದು. ಎಡಗೈ ಬೇರೆ ಯಾರದೋ ಎನ್ನುವಷ್ಟು ಬೆಳ್ಳಗಿತ್ತು. ಬಾಳೂರಿನ ಕಾಫಿ ತೋಟಗಳಿಗೆ ಆಳುಗಳನ್ನು ಸಾಗಿಸುತ್ತಿದ್ದ ಅವರನ್ನು ಊರೆಲ್ಲ ಜೀಪಿನವರು ಎಂದೇ ಕರೆಯುತ್ತಿತ್ತು. ಮಾತು ಕಡಿಮೆ. ಯಾರಾದರೂ ಅವಸರ ಮಾಡಿದರೆ, "ಘಾಟಿ ಎಲ್ಲೂ ಓಡಿ ಹೋಗಲ್ಲ ಮಾರಾಯ" ಅನ್ನುತ್ತಿದ್ದರು.

ನಾನು ಅಲ್ಲಿ ಶಾಲೆಯ ಟೀಚರು, ಒಂಟಿ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಪಾದ ಮುರಿದುಕೊಂಡೆ. ಮೂಳೆ ಕೂಡಿತು, ಉರಿ ಹೋಗಲಿಲ್ಲ. ಸೀರೆಯ ಅಂಚು ತಾಗಿದರೂ ಕೆಂಡ ಇಟ್ಟ ಹಾಗೆ. ನೋಡುವವರಿಗೆ ಕಾಲು ನೆಟ್ಟಗೇ ಕಾಣುತ್ತಿತ್ತಲ್ಲ, "ಎಂತ ನೋವು ಮಾರಾಯ್ತಿ, ಎಲ್ಲ ಮನಸ್ಸಿಂದು" ಎಂದು ಉಪದೇಶ ಮಾಡಿ, ನನ್ನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಹೋಗುತ್ತಿದ್ದರು. ಎಷ್ಟು ಸಿಟ್ಟು ಬರುತ್ತಿತ್ತು ನನಗೆ! ಜೀಪಿನವರು ಮಾತ್ರ ಒಮ್ಮೆ ಕಾಲು ನೋಡಿ, "ನೋವು ಅಂತ ನೀವು ಹೇಳಿದ್ಮೇಲೆ ನೋವೇ ಅಲ್ವಾ ಟೀಚರೇ" ಎಂದರು.

ಮಂಗಳೂರಿನ ವೈದ್ಯರು ಕೆಟಮಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟು ನೋಡೋಣ ಎಂದರು. ಆಪರೇಷನ್ನಿಗೆ ಪ್ರಜ್ಞೆ ತಪ್ಪಿಸಲು ಬಳಸುವಂಥದ್ದು. ಕಡಿಮೆ ಪ್ರಮಾಣದಲ್ಲಿ ನಿಧಾನವಾಗಿ ಹರಿಸಿದರೆ ಇಂಥ ನೋವು ಕೆಲವರಿಗೆ ಕೆಲವು ವಾರ ತಗ್ಗುತ್ತದಂತೆ. ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಆದರೆ ಔಷಧಿಯ ಮಂಪರಿನಲ್ಲಿ ನೋಡಿಕೊಳ್ಳಲು ಜೊತೆಗೆ ಒಬ್ಬರು ಇರಲೇಬೇಕು ಎಂದರು. ಆ ಒಬ್ಬರನ್ನು ಹುಡುಕುವುದೇ ನನಗೆ ಕಷ್ಟವಾಯಿತು. ತಮ್ಮನಿಂದ ಹಿಡಿದು ಶಾಲೆಯವರ ತನಕ ಎಲ್ಲರಿಗೂ ಆ ದಿನವೇ ಏನೋ ಕೆಲಸ. "ನಾನೇ ಕೂತ್ಕೋತೀನಿ ಬಿಡಿ" ಎಂದರು ಜೀಪಿನವರು. ಕುಲುಕಾಟ ಕಡಿಮೆಯಾಗಲಿ ಎಂದು ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡೇ ಬಂದಿದ್ದರು.

"ನೀವು ಇವ್ರಿಗೆ ಎಂತ ಆಗ್ಬೇಕು?" ಎಂದು ಕೇಳಿದಳು ಆಸ್ಪತ್ರೆಯ ನರ್ಸ್.

"ಡ್ರೈವರು."

"ಅದಲ್ಲ, ಸಂಬಂಧ?"

"ಅದೇ ಸಂಬಂಧ ಅಮ್ಮಾ."

ಡ್ರಿಪ್ ಏರುತ್ತಿದ್ದಂತೆ ಮಂಚ ನನ್ನ ಕೆಳಗಿನಿಂದ ಜಾರಿತು. ಕೈಕಾಲು ಎಲ್ಲಿವೆಯೋ ತಿಳಿಯಲಿಲ್ಲ. ನೋವಿಲ್ಲ, ಸರಿ, ಆದರೆ ನಾನೂ ಇಲ್ಲವಲ್ಲ! "ಎಲ್ಲೋ ಹೋಗ್ತಾ ಇದ್ದೀನಿ" ಎಂದು ಚೀರಿದೆನಂತೆ. ಪಾಪ, ಘಾಟಿಯಲ್ಲಿ ಹೆದರಿದವರನ್ನು ಸಮಾಧಾನ ಮಾಡುವ ರೀತಿಯೊಂದೇ ಅವರಿಗೆ ಗೊತ್ತಿದ್ದದ್ದು. "ಹೋಗಿ ಟೀಚರೇ, ನಾನಿದೀನಲ್ಲ. ಇಲ್ಲಿ ಎಡಕ್ಕೆ ತಿರುವು... ಎದುರು ಲಾರಿ ಬಂತು, ನಿಲ್ಲಿಸ್ದೆ... ಹಾಂ, ದಾಟ್ತು, ಹೊರಡುವ" ಎಂದು ಚಾರ್ಮಾಡಿಯ ತಿರುವುಗಳನ್ನೆಲ್ಲ ಹೇಳುತ್ತ ಕೂತರು. ನರ್ಸ್‌ಗೆ ನಗು ತಡೆಯಲಾಗಲಿಲ್ಲ. ನಾನು ಆ ದನಿ ಹಿಡಿದುಕೊಂಡೇ ಕೆಳಗಿಳಿದೆ. ಮರುದಿನ ಪಾದಕ್ಕೆ ಕಾಲುಚೀಲ ಹಾಕಿಕೊಂಡೆ. ಎಷ್ಟು ಕಾಲವಾಗಿತ್ತು!

ಉರಿ ಮರಳಿದಾಗಲೆಲ್ಲ ನಾವಿಬ್ಬರೂ ಘಾಟಿ ಇಳಿದೆವು. ಕಳೆದ ಕಾಫಿ ಕೊಯ್ಲಿನಲ್ಲಿ ಜೀಪಿನವರು ಎದೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಅವರ ಮನೆಯಂಗಳದಲ್ಲಿ ನೆಂಟರೆಲ್ಲ ಅಳುತ್ತಿದ್ದರು. ನಾನು ಗೇಟಿನ ಹೊರಗೇ ನಿಂತಿದ್ದೆ.

ಮೊನ್ನೆ ಉರಿ ತಡೆಯಲಾರದೆ ಒಬ್ಬಳೇ ಬಸ್ಸು ಹತ್ತಿ ಮಂಗಳೂರಿಗೆ ಹೋದೆ. "ಜೊತೆಗೆ ಯಾರೂ ಇಲ್ವಾ? ಹಾಗಾದ್ರೆ ಕೊಡ್ಲಿಕ್ಕೆ ಆಗುದಿಲ್ಲ" ಎಂದಳು ಅದೇ ನರ್ಸ್, ಬೇಸರದಿಂದಲೇ. ವಾಪಸು ಬರುವಾಗ ಕಣ್ಣೀರು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಕಾಲು ನೋವಾ ಅಕ್ಕಾ?" ಎಂದು ಕೇಳಿದಳು. ಹೌದು ಎಂದೆ. ಕಾಲು ಉರಿಯುತ್ತಿತ್ತು, ಸುಳ್ಳಲ್ಲ. ಆದರೆ ಅತ್ತದ್ದು ಅದಕ್ಕಲ್ಲ.