ಹೊಟ್ಟೆಯೊಳಗಿನ ಹೆಪ್ಪು

ತಾಯಿಹಾಲಿನ ಒಂದು ಬಗೆಯ ಸಕ್ಕರೆ ಕೂಸಿಗೆ ಅರಗುವುದಿಲ್ಲವಂತೆ. ಅದನ್ನು ತಿಂದು ಹುಳಿ ಮಾಡುವ ಸೂಕ್ಷ್ಮಜೀವಿಗಳು ಕರುಳಿನಲ್ಲಿದ್ದು ಹೊಟ್ಟೆ ಕಾಯುತ್ತವಂತೆ. ಮೊನ್ನೆ ನರ್ಸಬಾಯಿ ಬಾಣಂತಿ ಮೊಮ್ಮಗಳಿಗೆ ಹೀಗೆ ಹೇಳಿದಾಗ, ಹುಬ್ಬಳ್ಳಿಯ ನಮ್ಮ ಎದುರುಮನೆ ಕಾಕುಗೆ ಓಡಿಹೋಗಿ ತಿಳಿಸಬೇಕೆನಿಸಿತು. ಅವರೀಗ ಇಲ್ಲ.

ಅರವತ್ತನೇ ಇಸವಿಯ ಸುಮಾರಿಗೆ ಅವ್ವನಿಗೆ ಜ್ವರದಿಂದ ಹಾಲು ಬತ್ತಿದಾಗ, ನನ್ನ ತಮ್ಮನಿಗೆ ಹಾಲೂಡಿಸಿದವರು, ಆಗ ತಾವೂ ಬಾಣಂತಿಯಾಗಿದ್ದ ಅವರು. ಲಂಗೋಟಿ ಮೂಸಿ, ಹುಳಿವಾಸನೆ ಬಂದರೆ, "ಹೊಟ್ಟ್ಯಾಗ ಹೆಪ್ಪ ಛಲೋ ಕೂತೈತವಾ" ಎಂದು ನಗುತ್ತಿದ್ದರು.

ಕೂಸನ್ನು ಒಯ್ಯುವುದು ಸಾಲೆ ಬಿಟ್ಟ ನನ್ನ ಕೆಲಸ. "ನಿನ್ನ ತಮ್ಮ ಕಡದ ಹಾಲಿನ್ಯಾಂವ" ಎಂದು ಎರವಲು ಹಾಲನ್ನು ಹಂಗಿಸಿ ಗೆಳತಿಯರು ಕಾಡಿದರು. ನಾನು ನಾಚಿ, "ಅವ್ವಗ ಹಾಲು ಬಂದಾವ್ರಿ" ಎಂದು ಕಾಕುಗೆ ಸುಳ್ಳು ಹೇಳಿದೆ. ಆಕಳ ಹಾಲಿಗೆ ನೀರು, ಸಕ್ಕರೆ ಬೆರೆಸಿ ಕದ್ದು ಕುಡಿಸಿದೆ. ಕೂಸಿಗೆ ಭೇದಿ ಹತ್ತಿತು.

ಓಡಿಬಂದ ಕಾಕು ಲಂಗೋಟಿ ಮೂಸಿ, ಎಂದಿನ ಹುಳಿವಾಸನೆ ಇಲ್ಲದ್ದು ಕಂಡು ನನ್ನನ್ನು ನೋಡಿದರು. ಏನೂ ಅರಿಯದ ಅವ್ವ ಹಾಸಿಗೆಯಿಂದಲೇ ಅವರ ಮೇಲೆ ಹರಿಹಾಯ್ದಳು: "ಏನ ತಿಂದು ಹಾಲ ಕುಡಿಸೀದಿ?"

"ಖಾರ ಹೆಚ್ಚ ತಿಂದಿದ್ನಿ ಅಕ್ಕಾ. ತಪ್ಪ ನಂದ" ಎಂದರು ಕಾಕು.

ನಾನು ಬಾಯಿ ಬಿಡಲಿಲ್ಲ. ತಮ್ಮ ಉಳಿದ. ಆದರೆ ಅವ್ವ ಅವನನ್ನು ಮತ್ತೆಂದೂ ಆ ಮನೆಗೆ ಕಳಿಸಲಿಲ್ಲ.

ನಾನು ನೀರಿಗೆ ಹೊರಟಾಗ ಕಾಕು ಹೊಸ್ತಿಲಲ್ಲಿ ನಿಂತು, ಒದ್ದೆಯಾದ ಎದೆಯ ಮೇಲೆ ಸೆರಗೆಳೆದುಕೊಂಡು, ಮೆಲ್ಲಗೆ ಕೇಳುತ್ತಿದ್ದರು: "ಹೆಪ್ಪ ಹೆಂಗೈತವಾ?"